ಬಚ್ಚಲಮನೆಗೆ ಕಲ್ಲು ಹಾಕಿಸೋ ಮುಂಚೆ ಗೌಂಡಿಯ ಚೀಲ ನೋಡಿ

ನವನಗರದ ನಮ್ಮ ಮನೆಯ ಬಚ್ಚಲಿಗೆ ಗೋಡೆಗೆ ಬಿಳಿ ಮಾರ್ಬಲ್, ನೆಲಕ್ಕೆ ಇಳಕಲ್ಲಿನ ಕೆಂಪು ಗ್ರಾನೈಟ್ ತಂದಿದ್ದೆವು. ಕಲ್ಲು ಎರಡೂ ಚೆನ್ನಾಗಿದ್ದವು. ಕೆಟ್ಟಿದ್ದು ಕೊಯ್ಯುವಾಗ, ತೂತು ಹೊಡೆಯುವಾಗ. ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಕಟ್ಟಿಸುತ್ತಿರುವವರು, ಅದರಲ್ಲೂ ಟೈಲ್ಸ್ ಹಾಕುವ ಗೌಂಡಿಗೇ ಕಲ್ಲಿನ ಕೆಲಸ ಒಪ್ಪಿಸಲು ಹೊರಟವರು ಇದನ್ನು ಓದಿಬಿಡಿ.

ಮೊದಲು ನಳದ ತೂತಿನ ಕಥೆ. ಗೌಂಡಿಯ ಚೀಲದಲ್ಲಿ 4 ಇಂಚಿನ ಕಟರ್ ಬಿಟ್ಟರೆ ಬೇರೇನೂ ಇರಲಿಲ್ಲ. ದುಂಡನೆಯ ತೂತಿಗೆ ಡೈಮಂಡ್ ಕೋರ್ ಬಿಟ್ (ಡ್ರಿಲ್‌ಗೆ ಹಾಕುವ, ಬಾಯಿಗೆ ವಜ್ರದ ಹರಳಿರುವ ಪೊಳ್ಳು ಕೊಳವೆ) ಬೇಕು. ಕೇಳಿದ್ದಕ್ಕೆ, "ಏನೂ ಆಗಂಗಿಲ್ರೀ ಸರ, ಮ್ಯಾಲೆ ಫ್ಲ್ಯಾಂಜ್ ಬರ್ತೈತಿ, ಕಾಣಂಗಿಲ್ಲ" ಎಂದ. ಫ್ಲ್ಯಾಂಜ್ ಅಂದರೆ ನಳದ ಬುಡದಲ್ಲಿ ತೂತು ಮುಚ್ಚುವ ದುಂಡನೆಯ ತಟ್ಟೆ. ಕಟರ್‌ನಿಂದಲೇ ನಾಲ್ಕು ಕಡೆ ಕೊಯ್ದು ಚೌಕ ತೆಗೆದ. ಬ್ಲೇಡ್ ದುಂಡಗಿರುತ್ತೆ ಅಲ್ವಾ? ಅದು ಕಲ್ಲಿನ ಆಚೆ ಬದಿ ಮುಟ್ಟುವಷ್ಟರಲ್ಲಿ ಈಚೆ ಬದಿಯ ಗೀರು ಮೂಲೆ ದಾಟಿ ಉದ್ದಕ್ಕೆ ಹೋಗಿರುತ್ತೆ. ಫ್ಲ್ಯಾಂಜ್ ಕೂರಿಸಿ ನೋಡಿದರೆ ಸುತ್ತಲೂ ಬೆಕ್ಕಿನ ಮೀಸೆಯ ಹಾಗೆ ಗೀರುಗಳು. ಅದಕ್ಕೆ ವೈಟ್ ಸಿಮೆಂಟ್ ಮೆತ್ತಿದ. ಈಗ ಕೊಳೆ ಕೂತು ಇನ್ನೂ ಎದ್ದು ಕಾಣುತ್ತಿದೆ. ಕೋರ್ ಬಿಟ್ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತೆ, ನೀವೇ ತಂದುಕೊಡಿ. ಕಲ್ಲಿನ ಅಡಿಗೆ ಹಲಗೆ ಇಟ್ಟು, ನೀರು ಬಿಡುತ್ತಾ, ನಿಧಾನ ಸ್ಪೀಡಿನಲ್ಲಿ ಹೊಡೆಯಬೇಕು. ಕೊನೆಗೆ ಬಂದಾಗ ಒತ್ತಬಾರದು, ಹಿಂದುಗಡೆ ಚಕ್ಕೆ ಏಳುತ್ತೆ.

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಗೀಸರ್. ಗೋಡೆಗೆ ಕಲ್ಲು ಹಚ್ಚಿದ ಮೇಲೆ ಬಂದ ಹುಡುಗ ಸೀದಾ ಹ್ಯಾಮರ್ ಮೋಡ್‌ನಲ್ಲಿ ಡ್ರಿಲ್ ಇಟ್ಟ, ಅಂದರೆ ಬಿಟ್ ತಿರುಗುತ್ತಲೇ ಸುತ್ತಿಗೆಯ ಹಾಗೆ ಬಡಿಯುತ್ತೆ. ಟಕ್ ಅಂತ ಶಬ್ದ. ಮಾರ್ಬಲ್‌ನ ಬೂದು ಗೆರೆ ಹಿಡಿದು ಬಿರುಕು ಮೇಲಿಂದ ಕೆಳಗಿನವರೆಗೂ ಇಳಿಯಿತು. ಬಿಚ್ಚಿದಾಗ ಗೊತ್ತಾಯಿತು, ಗೌಂಡಿ ಹಿಂದೆ ನಾಲ್ಕು ಮುದ್ದೆ ಸಿಮೆಂಟ್ ಇಟ್ಟು ಅಂಟಿಸಿದ್ದ, ನಡುವೆಲ್ಲ ಪೊಳ್ಳು. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ, ಪೊಳ್ಳಿದ್ದರೆ ಶಬ್ದವೇ ಹೇಳುತ್ತೆ. ಕಲ್ಲು ದಾಟುವವರೆಗೆ ಹ್ಯಾಮರ್ ಬಂದ್ ಇರಬೇಕು, ಡೈಮಂಡ್ ಬಿಟ್ ಅನ್ನೇ ಬಳಸಬೇಕು. ಆಮೇಲೆ ಒಳಗಿನ ಇಟ್ಟಿಗೆಗೆ ಬೇಕಾದರೆ ಹ್ಯಾಮರ್ ಹಚ್ಚಲಿ.

ಧೂಳಿನದು ಬೇರೆಯೇ ಮಾತು. ನೆಲದ ಗ್ರಾನೈಟನ್ನು ಬಚ್ಚಲ ಒಳಗೇ ಕೂತು ನೀರು ಹಾಕದೆ ಕೊಯ್ದರು. ಜೊತೆಗಿದ್ದ ಹುಡುಗನ ಮೂಗಿಗೆ ಕರವಸ್ತ್ರ ಅಷ್ಟೇ. ಗ್ರಾನೈಟ್ ಧೂಳಿನಲ್ಲಿ ಸಿಲಿಕಾ ಇರುತ್ತೆ. ಅದು ವರ್ಷಗಟ್ಟಲೆ ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್, ಅದನ್ನು ವಾಸಿ ಮಾಡುವ ಔಷಧಿ ಇಲ್ಲ. ಬಟ್ಟೆ ಅದನ್ನು ತಡೆಯಲ್ಲ. ಬಯಲಲ್ಲಿ, ನೀರು ಹಾಕಿಯೇ ಕೊಯ್ಸಿ, ಒಳ್ಳೆ ಮಾಸ್ಕ್ ಕೊಡಿ. ನೀರು, ಕರೆಂಟು ಎರಡೂ ಒಟ್ಟಿಗೆ ಇರುವುದರಿಂದ ಆ ಲೈನಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಲೈನ್ ಕಟ್ ಮಾಡುವ ಸ್ವಿಚ್) ಇರಲೇಬೇಕು. ನಮ್ಮಲ್ಲಿ ಎಕ್ಸ್‌ಟೆನ್ಷನ್ ಬಾಕ್ಸಿಗೆ ವೈರ್ ತುದಿ ಸುಮ್ನೆ ಸಿಗಿಸಿ, ಕಡ್ಡಿ ತುರುಕಿದ್ದರು!

ಕೊಯ್ದ ರಾಡಿ ತೊಳೆಯಲು ಆ್ಯಸಿಡ್ ಸುರಿದದ್ದು ಕೊನೆಯ ಉಪಕಾರ. ಗ್ರಾನೈಟ್ ತಡೆದುಕೊಂಡಿತು. ಮಾರ್ಬಲ್ ಸುಣ್ಣದ ಜಾತಿಯ ಕಲ್ಲು, ಬುರುಗೆದ್ದು ಕೆಳಗಿನ ಸಾಲಿನ ಪಾಲಿಶ್ ಪೂರ್ತಿ ಹೋಯಿತು.

ಬಿರುಕು ಬಿಟ್ಟ ಕಲ್ಲಿಗೆ ಜೋಡಿ ಹುಡುಕಿಕೊಂಡು ಅಂಗಡಿಗೆ ಹೋದರೆ ಆ ಲಾಟ್ ಖಾಲಿಯಾಗಿತ್ತು. ಹೊಸದು ಸ್ವಲ್ಪ ಹಳದಿ ಹೊಡೆಯುತ್ತೆ. ನೀವು ಕಲ್ಲು ತರುವಾಗ ಅದೇ ಲಾಟಿನ ಎರಡು-ಮೂರು ಕಲ್ಲು ಜಾಸ್ತಿ ತಂದಿಟ್ಟುಕೊಳ್ಳಿ.