ಮನೆಯ ರಿಕಂಬೆಂಟ್ ಬೈಕ್: ಸೀಟು ಚೆನ್ನಾಗಿದೆ, ಕ್ರ್ಯಾಂಕ್ ನಟ್ಟಿನ ಮೇಲೆ ಒಂದು ಕಣ್ಣಿರಲಿ

ಮೊದಲೇ ಹೇಳಿಬಿಡುತ್ತೇನೆ. ರಿಕಂಬೆಂಟ್ ಎಂದರೆ ಬೆನ್ನು ಒರಗಿಸಿ ಕೂತು ತುಳಿಯುವ ಎಕ್ಸರ್ಸೈಜ್ ಸೈಕಲ್. ಯಂತ್ರ ಚೆನ್ನಾಗಿದೆ, ಮಾರಿದವರ ಸರ್ವಿಸ್ ಚೆನ್ನಾಗಿಲ್ಲ. ಮನೆಯಲ್ಲಿ ಮಂಡಿ ನೋವಿನವರಿದ್ದರೆ ಧಾರಾಳವಾಗಿ ತೆಗೆದುಕೊಳ್ಳಿ, ಜೊತೆಗೆ ಒಂದು ಸೆಟ್ ಸ್ಪ್ಯಾನರನ್ನೂ ತಂದಿಡಿ. ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ಫ್ರೇಮು, ಇದೇ ಸೀಟು ಬೇರೆ ಬೇರೆ ಹೆಸರಿನ ಸ್ಟಿಕ್ಕರ್ ಅಂಟಿಸಿಕೊಂಡು ಅಂಗಡಿಗೆ ಬರುತ್ತವೆ. ಹಾಗಾಗಿ ಇಲ್ಲಿ ಹೇಳಿದ್ದು ನಾಬ್ ತಿರುಗಿಸಿ ಪೆಡಲ್ ತುಳಿತವನ್ನು ಬಿಗಿ ಮಾಡುವ ಹೆಚ್ಚಿನ ಮಾದರಿಗಳಿಗೂ ಸಲ್ಲುತ್ತದೆ.

ನಮ್ಮಲ್ಲಿ ಇದು ಬಂದದ್ದು ಮನೆಯವಳ ಮಂಡಿಗಾಗಿ. ಕುಂದಾಪುರದ ಫಿಸಿಯೋಥೆರಪಿಯವರು ಸಾದಾ ಎಕ್ಸರ್ಸೈಜ್ ಸೈಕಲ್ ಬೇಡ, ಒರಗಿ ಕೂತು ತುಳಿಯುವುದೇ ತನ್ನಿ ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಬೆನ್ನಿಗೆ ಆಸರೆ ಇದೆ, ಪೆಡಲ್ ಮುಂದಿದೆ, ಸೊಂಟದ ಮೇಲೆ ಭಾರ ಬೀಳುವುದಿಲ್ಲ. ಕಾಲೆತ್ತಿ ದಾಟಬೇಕಾದ ಎತ್ತರದ ದಂಡಿಗೆಯೂ ಇಲ್ಲ. ಸೀರೆ ಉಟ್ಟವರಿಗೂ ಹೋಗಿ ಕೂರುವುದು ಸುಲಭ. ಸೆರಗು, ನೆರಿಗೆ ಮಾತ್ರ ಪೆಡಲಿನಿಂದ ದೂರ ಇರಲಿ. ಸೀಟನ್ನು ಹಿಂದೆ ಮುಂದೆ ಸರಿಸಿ ಕೂರಿಸುವಾಗ ಒಂದು ವಿಷಯ ನೋಡಿ: ಪೆಡಲ್ ಅತಿ ದೂರ ಹೋದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು. ಕಾಲು ಪೂರ್ತಿ ನೆಟ್ಟಗಾದರೆ ಸೀಟು ಹಿಂದಾಯಿತು ಅಂತ ಅರ್ಥ.

ನಾನು ಬಸ್ ಡಿಪೋದಲ್ಲಿ ಫಿಟ್ಟರ್ ಆಗಿದ್ದವನು. ವಾರಂಟಿ ಮುಗಿಯುವವರೆಗೆ ಕೈಕಟ್ಟಿ ಕೂತಿದ್ದೆ, ಮುಗಿದ ಮೇಲೆ ಕವರ್ ಬಿಚ್ಚಿದೆ. ಒಳಗೆ ಅಂಥದ್ದೇನೂ ಇಲ್ಲ. ಪೆಡಲಿನ ಶಾಫ್ಟಿಗೆ ಒಂದು ದೊಡ್ಡ ಪುಲ್ಲಿ, ಅದರಿಂದ ಗೆರೆಗೆರೆಯ ಬೆಲ್ಟು, ಬೆಲ್ಟಿನ ತುದಿಗೆ ಫ್ಲೈವೀಲ್, ಅಂದರೆ ಭಾರದ ಚಕ್ರ. ಫ್ಲೈವೀಲಿನ ಅಂಚಿನ ಹತ್ತಿರ ಅಯಸ್ಕಾಂತ ಕೂರಿಸಿದ ಒಂದು ಪಟ್ಟಿ. ನಾಬ್ ತಿರುಗಿಸಿದರೆ ಕೇಬಲ್ ಈ ಪಟ್ಟಿಯನ್ನು ಹತ್ತಿರ ಎಳೆಯುತ್ತದೆ. ತಿರುಗುವ ಲೋಹದಲ್ಲಿ ಸುಳಿ ಸುಳಿಯಾಗಿ ವಿದ್ಯುತ್ ಹುಟ್ಟಿ ಚಕ್ರವನ್ನು ಹಿಂದಕ್ಕೆ ಹಿಡಿಯುತ್ತದೆ. ಕೆಲವು ದೊಡ್ಡ ಬಸ್ಸುಗಳ ವೇಗ ತಗ್ಗಿಸುವ ಎಲೆಕ್ಟ್ರೋಮ್ಯಾಗ್ನೆಟಿಕ್ ರಿಟಾರ್ಡರ್ ಕೆಲಸ ಮಾಡುವುದೂ ಹೀಗೆಯೇ. ಒಂದಕ್ಕೊಂದು ತಾಗುವುದೇ ಇಲ್ಲವಲ್ಲ, ಸವೆಯಲು ಬ್ರೇಕ್ ಪ್ಯಾಡ್ ಎಂಬುದೇ ಇಲ್ಲ. 1ರಿಂದ 8ರವರೆಗೆ ನಾಬ್ ತಿರುಗಿಸಿದರೂ ಬಿಗಿ ಬದಲಾಗದಿದ್ದರೆ ಅಯಸ್ಕಾಂತ ಸತ್ತಿಲ್ಲ, ಕೇಬಲ್ ಕೊಕ್ಕೆಯಿಂದ ಕಳಚಿದೆ ಅಥವಾ ಸಡಿಲವಾಗಿದೆ. ಹೆಚ್ಚಿನ ಬೈಕುಗಳಲ್ಲಿ ಆ ಕೊಕ್ಕೆ ಡಿಸ್ಪ್ಲೇ ಹೊತ್ತ ಕಂಬದ ಮೇಲಿನ ಜೋಡಣೆಯಲ್ಲೇ ಸಿಗುತ್ತದೆ, ಹೊಟ್ಟೆ ಬಿಚ್ಚಬೇಕಾಗಿಲ್ಲ.

ಈಗ ಮುಖ್ಯ ದೂರಿಗೆ ಬರೋಣ. ಕೊಂಡ ಕೆಲವು ತಿಂಗಳಿಗೆ ತುಳಿದಾಗೆಲ್ಲ ಟಕ್, ಟಕ್ ಎನ್ನತೊಡಗಿತು. "ಎಂತ ಮಾರ್ರೆ ಅದು ಶಬ್ದ, ಧಾರಾವಾಹಿ ಕೇಳುದಿಲ್ಲ" ಎಂದು ಮನೆಯವಳು. ಆಗಿನ್ನೂ ವಾರಂಟಿ ಇತ್ತು. ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಒಂದು ಒತ್ತಿ, ಎರಡು ಒತ್ತಿ, ಸಂಗೀತ ಕೇಳಿ. ಎಷ್ಟೋ ದಿನ ಕಳೆದ ಮೇಲೆ ಒಬ್ಬ ಹುಡುಗ ಬಂದ. ಕವರಿಗೆ ಕಿವಿಯಿಟ್ಟು ಕೇಳಿ, "ಸರ್, ಮೋಟರ್ ಹೋಗಿದೆ, ವಾರಂಟಿಯಲ್ಲಿ ಬರಲ್ಲ" ಎಂದ. ಎರಡು ಪೆನ್ಸಿಲ್ ಸೆಲ್ಲಿನಲ್ಲಿ ಡಿಸ್ಪ್ಲೇ ಓಡಿಸುವ ಯಂತ್ರ ಇದು. ಗೋಡೆಯ ಪ್ಲಗ್ಗಿಗೆ ಹೋಗುವ ವಯರೇ ಇಲ್ಲ. "ಎಲ್ಲಿದೆ ಮೋಟರ್, ತೋರಿಸು ಮಾರಾಯ" ಎಂದೆ. ಹುಡುಗ ಚಹಾ ಕುಡಿದು ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಮೋಟರಿರುವ ಟ್ರೆಡ್‌ಮಿಲ್ಲಿನ ತರಬೇತಿ ಕೊಟ್ಟು ಎಲ್ಲಾ ಯಂತ್ರಕ್ಕೂ ಅಟ್ಟುತ್ತಾರೆ, ಅವನಾದರೂ ಏನು ಮಾಡಿಯಾನು?

ಆ ಶಬ್ದ ಎಡಗಡೆಯ ಕ್ರ್ಯಾಂಕಿನದು. ಕ್ರ್ಯಾಂಕ್ ಎಂದರೆ ಪೆಡಲನ್ನು ಹಿಡಿದಿರುವ ಕಬ್ಬಿಣದ ತೋಳು. ಪತ್ತೆ ಮಾಡಲು ಕವರ್ ಬಿಚ್ಚಬೇಡಿ. ನಿಧಾನ ತುಳಿದು ಸುತ್ತಿನಲ್ಲಿ ಎಲ್ಲಿ ಟಕ್ ಎನ್ನುತ್ತದೆ ನೋಡಿ. ಒಂದು ಸುತ್ತಿಗೆ ಒಮ್ಮೆ, ಅದೂ ಒಂದೇ ಕಾಲು ಒತ್ತುವಾಗ ಬಂದರೆ ಆ ಕಡೆಯ ಕ್ರ್ಯಾಂಕ್ ಅಥವಾ ಪೆಡಲ್. ಆಮೇಲೆ ಕೆಳಗೆ ಕೂತು ಕ್ರ್ಯಾಂಕನ್ನು ಮುಷ್ಟಿಯಲ್ಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಆ ತೋಳೊಂದೇ ಅಲ್ಲಾಡಿದರೆ ನಟ್ ಸಡಿಲ. ಎಡ ಬಲ ಎರಡೂ ಒಟ್ಟಿಗೆ ಅಲ್ಲಾಡಿದರೆ ಒಳಗಿನ ಬೇರಿಂಗ್. ತೋಳು ಗಟ್ಟಿಯಾಗಿದ್ದು ಪೆಡಲ್ ಮಾತ್ರ ಅಲ್ಲಾಡಿದರೆ ಪೆಡಲ್ಲೇ.

ನಟ್ ಕಾಣಬೇಕಾದರೆ ಕ್ರ್ಯಾಂಕಿನ ನಡುವಿನ ಕಪ್ಪು ಪ್ಲಾಸ್ಟಿಕ್ ಬಿಲ್ಲೆಯನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯಬೇಕು. ನಟ್ ಗುಳಿಯೊಳಗೆ ಕೂತಿರುತ್ತದೆ, ಚಪ್ಪಟೆ ಸ್ಪ್ಯಾನರ್ ಹೋಗಲ್ಲ, ಬಾಕ್ಸ್ ಸ್ಪ್ಯಾನರ್ ಬೇಕು. ನಮ್ಮದಕ್ಕೆ 14 ಮಿಲಿಮೀಟರಿನದು ಹಿಡಿಯಿತು. ಶಾಫ್ಟಿನ ತುದಿ ಚೌಕ, ಹೊರಗೆ ಬಂದಂತೆ ಸಪೂರ. ನಟ್ ಬಿಗಿ ಮಾಡಿದಷ್ಟೂ ಕ್ರ್ಯಾಂಕ್ ಆ ಚೌಕದ ಮೇಲೆ ಒಳಕ್ಕೆ ಹೋಗಿ ಕಚ್ಚಿಕೊಳ್ಳುತ್ತದೆ. ಆದರೆ ಹೊಸದರಲ್ಲಿ ತುಳಿಯುತ್ತ ತುಳಿಯುತ್ತ ಅದು ಇನ್ನೂ ಒಂದಿಷ್ಟು ಒಳಗೆ ಕೂತುಬಿಡುತ್ತದೆ, ಆಗ ನಟ್ಟಿನ ಬಿಗಿ ತಪ್ಪುತ್ತದೆ. ಇದು ಯಾರ ತಪ್ಪೂ ಅಲ್ಲ. ಕೊಂಡ ಕೆಲವು ವಾರಕ್ಕೆ ಒಮ್ಮೆ ಬಿಗಿ ಮಾಡಿ ಎಂದು ಮಾರುವವರು ಹೇಳಬೇಕಿತ್ತು, ಹೇಳಲಿಲ್ಲ. ಅದು ಮಾತ್ರ ಅವರ ತಪ್ಪೇ.

ಬಿಗಿ ಮಾಡಿದೆ, ಶಬ್ದ ನಿಂತಿತು. ನಮ್ಮ ಬೀದಿಯ ಇನ್ನೊಂದು ಮನೆಯಲ್ಲೂ ಇದೇ ಬೈಕಿದೆ. ಅವರು ಟಕ್ ಟಕ್ ಎನ್ನುತ್ತಿದ್ದರೂ ಹಾಗೇ ತುಳಿದರು. ಸಡಿಲವಾದ ಕ್ರ್ಯಾಂಕ್ ಚೌಕದ ತೂತಿನ ಮೂಲೆಗಳನ್ನು ತಾನೇ ತಿಂದು ಉರುಟು ಮಾಡಿತು. ಹಾಗಾದ ಮೇಲೆ ಎಷ್ಟು ಬಿಗಿ ಮಾಡಿದರೂ ನಿಲ್ಲಲ್ಲ, ಕ್ರ್ಯಾಂಕೇ ಹೊಸದು ಬೇಕು. ಕಂಪನಿಗೆ ಕೇಳಿದರೆ ಸ್ಪೇರ್ ಇಲ್ಲ, ಎಕ್ಸ್‌ಚೇಂಜ್ ಆಫರ್ ಇದೆ ಎಂದರಂತೆ! ಕೊನೆಗೆ ಮಂಗಳೂರಿನಲ್ಲಿ ಜಿಮ್ ಸಾಮಾನು ರಿಪೇರಿ ಮಾಡುವವರ ಹತ್ತಿರ ಹಳೆಯದನ್ನು ಹಿಡಿದುಕೊಂಡೇ ಹೋಗಿ, ಉದ್ದ ಮತ್ತು ಚೌಕದ ಅಳತೆ ಎರಡೂ ಹೊಂದುವುದನ್ನು ತಂದು ಹಾಕಿದೆವು.

ಪೆಡಲ್ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ಎಡ ಪೆಡಲಿನ ಥ್ರೆಡ್ ಉಲ್ಟಾ. ಎರಡೂ ಕಡೆ ಸ್ಪ್ಯಾನರಿನ ಮೇಲ್ತುದಿಯನ್ನು ಬೈಕಿನ ಮುಂದಿನ ದಿಕ್ಕಿಗೆ ತಳ್ಳಿದರೆ ಬಿಗಿ, ಹಿಂದಕ್ಕೆ ಎಳೆದರೆ ಸಡಿಲ. ಪೆಡಲಿನ ತುದಿಯಲ್ಲಿ ಎಡ ಬಲದ ಗುರುತು ಇರುತ್ತದೆ, ನೋಡಿ ಹಾಕಿ. ಮೊದಲು ಕೈಯಲ್ಲೇ ತಿರುಗಿಸಿ. ಬಲವಂತ ಮಾಡಿದರೆ ಕ್ರ್ಯಾಂಕಿನ ಥ್ರೆಡ್ ಹೋಗುತ್ತದೆ.

ಡಿಸ್ಪ್ಲೇ ನನಗೆ ಅಷ್ಟೇನೂ ಇಷ್ಟವಿಲ್ಲ. ಇಂಥ ಬೈಕುಗಳಲ್ಲಿ ನಾಬಿನಿಂದ ಹೋಗುವುದು ಬರೀ ಕೇಬಲ್. ನೀವು 1ರಲ್ಲಿ ತುಳಿಯುತ್ತಿದ್ದೀರೋ 8ರಲ್ಲೋ ಎಂದು ಡಿಸ್ಪ್ಲೇಗೆ ಗೊತ್ತೇ ಆಗುವುದಿಲ್ಲ. ಅದು ಎಣಿಸುವುದು ಸುತ್ತುಗಳನ್ನು ಮಾತ್ರ. ಅದು ತೋರಿಸುವ ಕ್ಯಾಲೊರಿ ಸುಮ್ನೆ ಒಂದು ಅಂದಾಜು. ಅದನ್ನು ನಂಬಿ ಗೋಳಿಬಜೆ ಜಾಸ್ತಿ ತಿನ್ನಬೇಡಿ. ಕೈಹಿಡಿಯ ನಾಡಿ ಮಾಪಕವೂ ಅಷ್ಟೆ, ಅಂಗೈ ಒಣಗಿದ್ದರೆ ಏನೇನೋ ತೋರಿಸುತ್ತದೆ.

ತುಳಿದರೂ ವೇಗ ಸೊನ್ನೆ ಎಂದೇ ಇದ್ದರೆ ಮೊದಲು ಸೆಲ್ ಬದಲಿಸಿ. ಆಮೇಲೆ ಡಿಸ್ಪ್ಲೇ ಹಿಂದಿನ ವಯರ್ ಜೋಡಣೆಯನ್ನು ಕಿತ್ತು ಮತ್ತೆ ಒತ್ತಿ ಹಾಕಿ. ಕಂಬವನ್ನು ಜೋಡಿಸುವಾಗ ವಯರ್ ನಡುವೆ ಸಿಕ್ಕಿ ನಜ್ಜಾಗಿರುವುದೂ ಉಂಟು. ಇವೆಲ್ಲ ಸರಿಯಿದ್ದರೆ ಮಾತ್ರ ಒಳಗಿನ ಸೆನ್ಸರ್ ನೋಡಬೇಕು. ಪುಲ್ಲಿಗೆ ಒಂದು ಸಣ್ಣ ಅಯಸ್ಕಾಂತ ಅಂಟಿಸಿರುತ್ತಾರೆ, ಅದು ಸೆನ್ಸರಿನ ಮುಂದೆ ಹಾದಾಗ ಒಂದು ಸುತ್ತು ಲೆಕ್ಕ. ಅವೆರಡರ ನಡುವೆ ಕೆಲವೇ ಮಿಲಿಮೀಟರ್ ಅಂತರ ಇರಬೇಕು. ಸೆನ್ಸರ್ ವಾಲಿದ್ದರೆ ಬೆರಳಿನಲ್ಲಿ ಹತ್ತಿರ ಸರಿಸಿದರೂ ಸಾಕು.

ಕರಾವಳಿಯವರಿಗೆ ಎರಡು ಮಾತು ಬೇರೆ ಹೇಳಬೇಕು. ಇಲ್ಲಿ ಉಪ್ಪುಗಾಳಿ, ಮೇಲಿಂದ ಬೆವರು. ನಮ್ಮ ಬೈಕಿನಲ್ಲಿ ಮೊದಲು ತುಕ್ಕು ಹಿಡಿದದ್ದು ಸೀಟಿನ ಅಡಿಯ ಬೋಲ್ಟುಗಳು, ಕಣ್ಣಿಗೆ ಬೀಳದ ಜಾಗ. ತುಳಿದಾದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಒಣಬಟ್ಟೆಯಲ್ಲಿ ಒರೆಸಿ. ಪೆಟ್ರೋಲ್, ತಿನ್ನರ್ ಬೇಡ, ಪ್ಲಾಸ್ಟಿಕ್ ಹಾಳಾಗುತ್ತದೆ. ಮಳೆಗಾಲದಲ್ಲಿ ಊರಿಗೆ ಹೋಗುವಾಗ ಸೆಲ್ ತೆಗೆದಿಟ್ಟು ಹೋಗಿ, ಇಲ್ಲದಿದ್ದರೆ ಸೋರಿ ಸೆಲ್ ತಾಗುವ ಲೋಹದ ಪಟ್ಟಿ ಹಸಿರುಗಟ್ಟುತ್ತದೆ. ಸೀಟು ಸರಿಯುವ ಹಳಿಗೆ ತೆಂಗಿನೆಣ್ಣೆ ಹಚ್ಚುವುದನ್ನು ಹಲವು ಮನೆಗಳಲ್ಲಿ ನೋಡಿದ್ದೇನೆ. ದಯವಿಟ್ಟು ಬೇಡ. ಧೂಳು, ಕೂದಲು ಎಲ್ಲಾ ಅಂಟಿಕೊಂಡು ಕಪ್ಪು ಮೇಣದ ಹಾಗಾಗುತ್ತದೆ. ಹಳಿ ಒರೆಸಿ, ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ತೆಳ್ಳಗೆ ಸವರಿದರೆ ಸಾಕು. ಕಿರುಗುಟ್ಟುವ ಸೀಟಿಗೂ ಅದೇ ಮದ್ದು, ಬೋಲ್ಟ್ ಒಮ್ಮೆ ಬಿಗಿ ಮಾಡಿದ ಮೇಲೆ. ಬೆಲ್ಟಿಗೆ ಮಾತ್ರ ಯಾವ ಎಣ್ಣೆಯೂ ತಾಗಬಾರದು, ಜಾರುತ್ತದೆ.

ಬೇರಿಂಗ್ ಹೋದರೆ ಗರಗರ ಶಬ್ದ ಬರುತ್ತದೆ, ಟಕ್ ಅಲ್ಲ. ಅದಕ್ಕೆ ಕ್ರ್ಯಾಂಕ್ ಕಳಚಬೇಕು, ಅದನ್ನು ಎಳೆದು ತೆಗೆಯುವ ಪುಲ್ಲರ್ ಎಂಬ ಸಾಧನ ಬೇಕು. ಸುತ್ತಿಗೆಯಿಂದ ಹೊಡೆಯಬೇಡಿ. ಅಭ್ಯಾಸ ಇಲ್ಲದವರು ಸೈಕಲ್ ಶಾಪಿನವರನ್ನೇ ಕರೆಯಿರಿ, ಅವರಿಗೆ ಇದು ದಿನದ ಕೆಲಸ. ಬೇರಿಂಗಿನ ಅಂಚಿನಲ್ಲೇ ನಂಬರ್ ಅಚ್ಚಾಗಿರುತ್ತದೆ, ಅದನ್ನು ಹೇಳಿದರೆ ಯಾವ ಬೇರಿಂಗ್ ಅಂಗಡಿಯಲ್ಲೂ ಕೊಡುತ್ತಾರೆ. ಕಂಪನಿಯ ದಾರಿ ಕಾಯಬೇಕಾಗಿಲ್ಲ.

ಯಂತ್ರಕ್ಕೆ 5ರಲ್ಲಿ 4 ಕೊಡುತ್ತೇನೆ, ಸರ್ವಿಸಿಗೆ 1. ಅದೂ ಆ ಹುಡುಗ ಅಷ್ಟು ದೂರದಿಂದ ಬಂದನಲ್ಲ ಎಂದು. ಅಂಗಡಿಗೆ ಹೋದಾಗ ಎಷ್ಟು ಪ್ರೋಗ್ರಾಂ ಇದೆ, ಬ್ಲೂಟೂತ್ ಇದೆಯಾ ಎಂದೆಲ್ಲ ಕೇಳಬೇಡಿ. ಎಡಗಡೆಯ ಕ್ರ್ಯಾಂಕ್ ಒಂದೇ ಬಿಡಿಯಾಗಿ ಸಿಗುತ್ತದಾ, ಎಷ್ಟು ರೂಪಾಯಿ ಎಂದು ಕೇಳಿ. ರೇಟು ಹೇಳಿದರೆ ಸೀಟಿನಲ್ಲಿ ಕೂತು ತುಳಿದು ನೋಡಿ. ಕ್ರ್ಯಾಂಕ್ ಅಂದರೆ ಯಾವುದು ಸರ್ ಎಂದು ಅವರೇ ಕೇಳಿದರೆ ಪಕ್ಕದ ಅಂಗಡಿಗೆ ನಡೆಯಿರಿ.