ಬಲೆಗೆ ಬಿದ್ದ ಹೊರಗಿನ ತೊರಕೆ: ಐನ್ಯಾಚುರಲಿಸ್ಟ್ ಆಪ್ ಅನ್ನು ಎಷ್ಟು ನೆಚ್ಚಬಹುದು?

ಮಲ್ಪೆ ಬಂದರಿಗೆ ಮೈತುಂಬ ಚುಕ್ಕೆಯಿರುವ ತೊರಕೆ (ಚಪ್ಪಟೆ ಮೈಯ ರೇ ಮೀನು) ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ಅದೇ ಜಾತಿಯ ಮೀನು ತುರ್ಕಿಯ ಇಸ್ಕೆಂದೆರುನ್ ಕೊಲ್ಲಿಯ ಬಲೆಗೆ ಬಿದ್ದರೆ ಅದು ದಾಖಲಿಸಲೇಬೇಕಾದ ಸಂಗತಿ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಮೆಡಿಟರೇನಿಯನ್ ಸೇರಿದ ನೂರಾರು ಜೀವಿಗಳಲ್ಲಿ ಹಿಮಾಂಟುರಾ ಉವಾರ್ನಾಕ್, ಹಿಮಾಂಟುರಾ ಲಿಯೋಪಾರ್ಡಾ ಎಂಬ ತೊರಕೆಗಳೂ ಇವೆ. ಇಂಥವನ್ನು ದಾಖಲಿಸಲು ಕೈಗೆ ಸುಲಭವಾಗಿ ಸಿಗುವುದು ಐನ್ಯಾಚುರಲಿಸ್ಟ್; ಜೀವಿಯ ಫೋಟೊ ಹಾಕಿದರೆ ಆಪ್ ಹೆಸರು ಸೂಚಿಸುತ್ತದೆ, ಬೇರೆ ಬಳಕೆದಾರರು ಗುರುತಿಸಲು ನೆರವಾಗುತ್ತಾರೆ. ದುಡ್ಡಿಲ್ಲ, ಜಾಹೀರಾತಿಲ್ಲ. ಸಾಮಾನ್ಯ ಮೀನಿಗೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ಹೊರಗಿನಿಂದ ಬಂದ ತೊರಕೆಗೆ ಮೂರೇ.

ಕಾರಣ ಆಪ್ ಹೆಸರು ಸೂಚಿಸುವ ಕ್ರಮದಲ್ಲೇ ಇದೆ. ಅದು ಫೋಟೊ ಜತೆಗೆ ಜಾಗವನ್ನೂ ಲೆಕ್ಕಕ್ಕೆ ಹಿಡಿದು, ಆ ಸುತ್ತಮುತ್ತ ಸಿಗುವಂಥ ಜೀವಿಗಳನ್ನು ಮೊದಲು ತೋರಿಸುತ್ತದೆ. ಹಾಗಾಗಿ ಅಪರೂಪಕ್ಕೆ ಬಂದದ್ದೇ ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಮೆಡಿಟರೇನಿಯನ್ನಿನದೇ ಆದ ಡ್ಯಾಸಿಯಾಟಿಸ್ ಪಾಸ್ಟಿನಾಕಾ ಎಂಬ ತೊರಕೆ ಮೇಲೆ ಬಂದು ಕೂರುತ್ತದೆ. ಸುತ್ತಮುತ್ತ ಸಿಗದ ಜೀವಿಗಳನ್ನೂ ತೋರಿಸುವ ಆಯ್ಕೆಯನ್ನು ಒತ್ತಿ ನೋಡಲೇಬೇಕು. ಪಾಸ್ಟಿನಾಕಾದ ಮೈಮೇಲೆ ಚುಕ್ಕೆ ಚಿತ್ತಾರ ಇರುವುದಿಲ್ಲ, ಬಾಲದಡಿ ಚರ್ಮದ ಮಡಿಕೆ ಇರುತ್ತದೆ. ಹಿಮಾಂಟುರಾದ ಬಾಲ ಚಾಟಿಯಂತೆ ಸಪೂರ, ಮಡಿಕೆಯಿಲ್ಲ, ಮುರಿಯದೆ ಉಳಿದಿದ್ದರೆ ಮೈಯ ಅಗಲಕ್ಕಿಂತ ಎಷ್ಟೋ ಉದ್ದ.

ತೊಂದರೆ ಏನೆಂದರೆ, ಬಾಲದಲ್ಲಿರುವ ವಿಷದ ಮುಳ್ಳಿಗೆ ಹೆದರಿ ಮೀನುಗಾರರು ದೋಣಿಯಲ್ಲೇ ಬಾಲ ಕಡಿದು ಎಸೆಯುತ್ತಾರೆ. ಗುರುತಿನ ಅರ್ಧ ಭಾಗ ಅಲ್ಲೇ ಹೋಯಿತು. ಬಾಲ ಉಳಿದಿದ್ದರೆ ಮೊದಲು ಮೀನಿನ ಮೇಲ್ಮೈ ಪೂರ್ತಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ನೇರ ಮೇಲಿನಿಂದ ತೆಗೆಯಿರಿ. ಆಮೇಲೆ ಬಾಯಿ, ಕಿವಿರಿನ ಸೀಳು ಕಾಣುವಂತೆ ಹೊಟ್ಟೆಯ ಕಡೆ. ಬಾಲ ಬುಡದಿಂದ ತುದಿಯವರೆಗೆ ಒಂದು, ಬೆನ್ನಿನ ನಡುವಿನ ಮುಳ್ಳುಗಂಟುಗಳದ್ದು ಹತ್ತಿರದಿಂದ ಇನ್ನೊಂದು. ಸತ್ತ ತೊರಕೆಯ ಮುಳ್ಳಿನಲ್ಲೂ ವಿಷ ಇರುತ್ತದೆ. ಚುಚ್ಚಿದರೆ 45 ಡಿಗ್ರಿ ಮೀರದ, ತಾಳಿಕೊಳ್ಳುವಷ್ಟು ಬಿಸಿನೀರಿನಲ್ಲಿ 30ರಿಂದ 90 ನಿಮಿಷ ಗಾಯವನ್ನು ಅದ್ದಿಟ್ಟು, ಡಾಕ್ಟರಿಗೆ ತೋರಿಸಿ.

ಜಾಗದ ವಿಷಯದಲ್ಲಿ ಆಗುವ ತಪ್ಪು ಇನ್ನೂ ದೊಡ್ಡದು. ಮಾರುಕಟ್ಟೆಯಲ್ಲಿ ತೆಗೆದ ಫೋಟೊಗೆ ಫೋನು ಮಾರುಕಟ್ಟೆಯ ಜಾಗವನ್ನೇ ಅಂಟಿಸುತ್ತದೆ, ಬಲೆ ಬೀಸಿದ ಜಾಗವನ್ನಲ್ಲ. ವಾಟ್ಸಾಪಿನಲ್ಲಿ ಬಂದ ಫೋಟೊದಲ್ಲಿ ಜಾಗದ ಮಾಹಿತಿಯೇ ಉಳಿದಿರುವುದಿಲ್ಲ. ದೋಣಿಯವರನ್ನು ಕೇಳಿ ನಕ್ಷೆಯಲ್ಲಿ ಕೈಯಿಂದಲೇ ಗುರುತು ಹಾಕಿ. ಖಚಿತವಿಲ್ಲದಿದ್ದರೆ, ಜಾಗ ಎಷ್ಟು ನಿಖರ ಎಂದು ತೋರಿಸುವ ಸುತ್ತಲಿನ ವೃತ್ತವನ್ನು ದೊಡ್ಡದು ಮಾಡಿ. ಅಳಿವಿನಂಚಿನ ಎಷ್ಟೋ ಜೀವಿಗಳ ನಿಖರ ಜಾಗವನ್ನು ಆಪ್ ತಾನಾಗಿಯೇ ಮರೆಮಾಡುತ್ತದೆ. ಆಗ ಗುರುತು ಬೇರೆಲ್ಲೋ ಬಿದ್ದು, ಕಡಲಿನ ಮೀನು ನಕ್ಷೆಯಲ್ಲಿ ನೆಲದ ಮೇಲೆ ಕಂಡರೆ ಗಾಬರಿಯಾಗಬೇಡಿ.

ಜಾತಿಯ ಹೆಸರಿಗೆ ಕನಿಷ್ಠ ಇಬ್ಬರು ಹೂಂ ಎಂದು, ಗುರುತಿಸಿದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಪ್ಪಿದರೆ ದಾಖಲೆಗೆ 'ರಿಸರ್ಚ್ ಗ್ರೇಡ್' ಬೀಳುತ್ತದೆ. ಮುಂದೆ ಅದು ಸಂಶೋಧಕರು ಬಳಸುವ, ಜಗತ್ತಿನ ಜೀವಿಗಳ ದಾಖಲೆಗಳಿರುವ ಜಿಬಿಐಎಫ್ ಭಂಡಾರಕ್ಕೂ ಹೋಗಬಹುದು. ಗೊತ್ತಿಲ್ಲದವರೂ 'ಒಪ್ಪಿಗೆ' ಗುಂಡಿ ಒತ್ತಿಬಿಡುವುದರಿಂದ ಈ ಮುದ್ರೆಯೊಂದನ್ನೇ ನಂಬಬಾರದು. ಲಿಯೋಪಾರ್ಡಾವನ್ನು ಪ್ರತ್ಯೇಕ ಜಾತಿಯೆಂದು ವಿವರಿಸಿದ್ದೇ 2008ರಲ್ಲಿ. ಬಲಿತ ಮೀನಿನ ಬೆನ್ನಿನ ಮೇಲೆ ಚಿರತೆಯಂತೆ ಒಡೆದ ಉಂಗುರಗಳಿರುತ್ತವೆ; ಮರಿಗಳಲ್ಲಿ ಬರೀ ತುಂಬು ಚುಕ್ಕೆ, ಉವಾರ್ನಾಕ್‌ನ ಮರಿಯಂತೆಯೇ. ಮರಿಗೆ ಜಾತಿಯ ಹೆಸರು ಕೊಡದೆ 'ಹಿಮಾಂಟುರಾ' ಎಂದಷ್ಟೇ ಬಿಡುವುದು ಪ್ರಾಮಾಣಿಕ ಕೆಲಸ.

ಖಚಿತವಾಗಬೇಕಿದ್ದರೆ ಫೋಟೊ ಸಾಲದು, ಡಿಎನ್ಎ ಬೇಕು. ರೆಕ್ಕೆಯ ಅಂಚಿನಿಂದ ಕಡಲೆಬೇಳೆಯಷ್ಟು ತುಂಡು ಕತ್ತರಿಸಿ ಶೇ 95ರ ಎಥನಾಲ್‌ನಲ್ಲಿ ಹಾಕಿಡಿ. ದಿನಾಂಕ, ಜಾಗ, ಆಳ ಬರೆದ ಚೀಟಿ ಬಾಟಲಿಯ ಒಳಗೇ ಇರಲಿ. ಪೆನ್ನಿನಲ್ಲಿ ಬರೆದರೆ ಎಥನಾಲ್‌ಗೆ ಶಾಯಿ ಕರಗಿ ಅಳಿಸಿಹೋಗುತ್ತದೆ, ಪೆನ್ಸಿಲ್ಲಿನಲ್ಲೇ ಬರೆಯಿರಿ.