ಹೆಂಪ್ ಎಣ್ಣೆ: ಚಟ್ನಿಪುಡಿಗೆ ಸೈ, ಮಂಡಿನೋವಿಗೆ ಅಲ್ಲ

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಕಾಫಿಪುಡಿ, ಜೇನುತುಪ್ಪ, ಹೋಂಮೇಡ್ ಚಾಕೊಲೇಟ್ ಮಾರುವ ಅಂಗಡಿಯೊಂದರಲ್ಲಿ (ಹೆಸರು ಬೇಡ ಬಿಡಿ) ಹೆಂಪ್, ಅಂದರೆ ಗಾಂಜಾ ಜಾತಿಯ ಗಿಡದ ಬೀಜದ ಎಣ್ಣೆ ತಗೊಂಡೆ. ಕಾಲು ಲೀಟರಿಗೆ 600 ಚಿಲ್ಲರೆ ರೂಪಾಯಿ. ಲೇಬಲ್ ತುಂಬಾ ಗಾಂಜಾ ಎಲೆಯ ಚಿತ್ರ. ಮುಳ್ಳಯ್ಯನಗಿರಿ ನೋಡಿ ಬಂದಿದ್ದ ಹುಡುಗರು ಬಾಟಲಿ ಹಿಡಿದು ಸೆಲ್ಫಿ ತೆಗೆದುಕೊಳ್ಳುತ್ತಾ ನಗುತ್ತಿದ್ದರು. ಅಂಗಡಿಯವರು ಮಾತ್ರ ಡಾಕ್ಟರ್ ಥರ ಗಂಭೀರ. "ನಿದ್ದೆಗೆ, ಮಂಡಿನೋವಿಗೆ, ಟೆನ್ಷನ್‌ಗೆ ರಾತ್ರಿ ಒಂದು ಚಮಚ ಸಾಕು, ಇದರಲ್ಲಿ ಸಿಬಿಡಿ ಇದೆ" ಅಂದರು (ಸಿಬಿಡಿ ಅಂದರೆ ಗಾಂಜಾ ಗಿಡದಲ್ಲಿರುವ, ನಶೆ ಕೊಡದ ಒಂದು ರಾಸಾಯನಿಕ).

ಎಣ್ಣೆ ಚೆನ್ನಾಗಿದೆ. ಆ ಮಾತೇ ಸರಿಯಿಲ್ಲ.

ರುಚಿ ಮೊದಲು ಹೇಳಿಬಿಡುತ್ತೇನೆ. ಬಣ್ಣ ಕಡುಹಸಿರು, ಬಿಳಿ ತಟ್ಟೆಗೆ ಬಿಟ್ಟರೆ ಅಂಚಲ್ಲಿ ಸ್ವಲ್ಪ ಹಳದಿ ಕಾಣುತ್ತದೆ. ಹಸಿ ಹುಲ್ಲಿನ ವಾಸನೆ, ಕೊನೆಯಲ್ಲಿ ನಾಲಿಗೆಗೆ ಚೂರು ಕಹಿ. ಬಿಸಿ ಅಕ್ಕಿರೊಟ್ಟಿಗೆ ಹುಚ್ಚೆಳ್ಳು ಚಟ್ನಿಪುಡಿ ಹಾಕಿ ಇದನ್ನು ಕಲಸಿ ತಿಂದರೆ ಮಜಾ ಬರುತ್ತದೆ. ಒಗ್ಗರಣೆಗೆ ಮಾತ್ರ ಬೇಡ, ಬೇಗ ಹೊಗೆ ಎದ್ದು ಕಹಿಯಾಗುತ್ತದೆ. ಒಮೆಗಾ-6, ಒಮೆಗಾ-3 ಕೊಬ್ಬು ಸುಮಾರು 3:1 ಲೆಕ್ಕದಲ್ಲಿ ಇರುತ್ತದೆ, ಅದು ಒಳ್ಳೆಯದೇ. ಬಾಟಲಿ ತೆರೆದ ಮೇಲೆ ಫ್ರಿಜ್‌ನಲ್ಲಿಡಿ, ಇಲ್ಲದಿದ್ದರೆ ಬೇಗ ಕಮಟು ಹಿಡಿಯುತ್ತದೆ.

ಈಗ ಸಿಬಿಡಿ ವಿಷಯ. ಟಿಎಚ್‌ಸಿ (ನಶೆ ಕೊಡುವ ಅಂಶ), ಸಿಬಿಡಿ ಎರಡೂ ಜಾಸ್ತಿ ಇರುವುದು ಗಿಡದ ಹೂವಿನ ಮೇಲಿನ ಅಂಟಿನಲ್ಲಿ, ಬೀಜದೊಳಗೆ ಅಲ್ಲ. 2021ರಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್ಎಸ್ಎಸ್ಎಐ ಹೆಂಪ್ ಬೀಜವನ್ನು ಆಹಾರ ಅಂತ ಒಪ್ಪಿದಾಗ ಮಿತಿಯನ್ನೂ ಹಾಕಿತು: ಎಣ್ಣೆಯಲ್ಲಿ ಕಿಲೋಗೆ ಟಿಎಚ್‌ಸಿ 10 ಮಿಲಿಗ್ರಾಂ, ಸಿಬಿಡಿ 75 ಮಿಲಿಗ್ರಾಂ ದಾಟಬಾರದು. ಅಂದರೆ ಒಂದು ದೊಡ್ಡ ಚಮಚದಲ್ಲಿ ಹೆಚ್ಚೆಂದರೆ 1 ಮಿಲಿಗ್ರಾಂ ಸಿಬಿಡಿ. ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕ, ಮಕ್ಕಳ ಕೆಲವು ಗಟ್ಟಿ ಫಿಟ್ಸ್ ಕಾಯಿಲೆಗಳಿಗೆ ಕೊಡುವ ಸಿಬಿಡಿ ಔಷಧಿಯಲ್ಲಿ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂ ಮಾಮೂಲಿ. 60 ಕಿಲೋ ಇರುವವರಿಗೆ 600 ಮಿಲಿಗ್ರಾಂ ಆಯಿತು, ಅಷ್ಟು ಬೇಕಂದರೆ ಈ ಎಣ್ಣೆ ದಿನಕ್ಕೆ 8 ಕಿಲೋ ಕುಡಿಯಬೇಕು. ಮಂಡಿನೋವು ಹೋಗುತ್ತದೋ ಇಲ್ಲವೋ, ಮನುಷ್ಯ ಬಚ್ಚಲುಮನೆ ಬಿಟ್ಟು ಬರಲ್ಲ.

ಸೆಲ್ಫಿ ಹುಡುಗರಿಗೂ ನಿರಾಸೆಯೇ. ನಶೆ ಕೊಡುವುದು ಟಿಎಚ್‌ಸಿ. ಅದು ಮೆದುಳಿನ ಸಿಬಿ1 ಗ್ರಾಹಕಗಳಿಗೆ (ಜೀವಕೋಶಗಳ ಮೇಲೆ ಇಂಥ ರಾಸಾಯನಿಕಗಳು ಅಂಟಿಕೊಳ್ಳುವ ಜಾಗಗಳು) ಹೋಗಿ ಕೂರುತ್ತದೆ, ಅವು ನೆನಪು, ಸಮತೋಲನ ನೋಡಿಕೊಳ್ಳುವ ಭಾಗಗಳಲ್ಲಿ ದಟ್ಟವಾಗಿರುವುದರಿಂದಲೇ ಗಾಂಜಾ ಎಳೆದವರಿಗೆ ಆಗ ಹೇಳಿದ ಮಾತು ಈಗ ಮರೆತುಹೋಗುವುದು, ಹೆಜ್ಜೆ ತಪ್ಪುವುದು. ಬಾಯಿ ಒಣಗುತ್ತದೆ, ಎದೆ ಡವಡವ ಅನ್ನುತ್ತದೆ, ಹಸಿವು ಕೆರಳುತ್ತದೆ. ಭಂಗಿ ಥರ ತಿಂದರೆ ಲಿವರ್ ಅದನ್ನು ಇನ್ನೂ ಜೋರಾದ ರೂಪಕ್ಕೆ ಬದಲಿಸುತ್ತದೆ, ಏರುವುದೂ ತಡ, ಇಳಿಯುವುದೂ ತಡ. ಸಿಬಿಡಿ ಆ ಗ್ರಾಹಕಗಳಿಗೆ ಹಾಗೆ ಅಂಟಿಕೊಳ್ಳುವುದಿಲ್ಲ, ಅದಕ್ಕೇ ನಶೆ ಬರಲ್ಲ. ಈ ಬಾಟಲಿಯಲ್ಲಿ ಟಿಎಚ್‌ಸಿ ಇದ್ದರೂ ಎರಡೂವರೆ ಮಿಲಿಗ್ರಾಂ ಒಳಗೆ, ಅದೂ ಇಡೀ ಬಾಟಲಿಗೆ.

ಒಂದು ವಿಷಯಕ್ಕೆ ಮಾತ್ರ ನನಗೆ ನಿಜವಾಗಿ ಸಿಟ್ಟು ಬಂತು. ಆಯುರ್ವೇದದಲ್ಲಿ ಗಾಂಜಾ ಎಲೆಯ ಸಾರದಿಂದ ಮಾಡಿದ ವಿಜಯಾ ಎಣ್ಣೆ ಬೇರೆಯೇ ಇದೆ, ಅದು ಷೆಡ್ಯೂಲ್ ಇ(1)ರಲ್ಲಿ ಬರುವ ಔಷಧಿ, ವೈದ್ಯರ ನಿಗಾದಲ್ಲೇ ತಗೋಬೇಕು. ಅಂಗಡಿಯವರು ಎರಡನ್ನೂ ಒಂದೇ ಅಂದರು. ನನ್ನ ಪಕ್ಕ ನಿಂತಿದ್ದ ಹಿರಿಯರೊಬ್ಬರು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತೇನೆ, ಪರವಾಗಿಲ್ವಾ ಅಂತ ಕೇಳಿದರು. "ಏನೂ ಆಗಲ್ಲ, ನ್ಯಾಚುರಲ್" ಅಂತ ಉತ್ತರ. ಬೀಜದ ಎಣ್ಣೆಯ ಸಿಬಿಡಿಗೆ ಹೆದರಬೇಕಿಲ್ಲ, ಸರಿ. ಆದರೆ ಅವರು ನಾಳೆ ಇದೇ ಮಾತು ನಂಬಿ ನಿಜವಾದ ಸಿಬಿಡಿ ಡ್ರಾಪ್ಸ್ ತಗೊಂಡರೆ? ವಾರ್ಫರಿನ್‌ನಂಥ ಮಾತ್ರೆ ಲಿವರ್‌ನಲ್ಲಿ ಕರಗುವುದನ್ನು ಸಿಬಿಡಿ ತಡೆಯುತ್ತದೆ, ಮಾತ್ರೆಯ ಪ್ರಭಾವ ಜಾಸ್ತಿಯಾಗಿ ರಕ್ತಸ್ರಾವದ ಅಪಾಯ ಬರುತ್ತದೆ.

ಎಣ್ಣೆಗೆ ಐದರಲ್ಲಿ ಮೂರೂವರೆ, ಬೆಲೆಗೆ ಎರಡು, ಅಂಗಡಿಯ ವೈದ್ಯಕೀಯಕ್ಕೆ ಸೊನ್ನೆ. ಸುಮ್ನೆ ರುಚಿ ನೋಡಬೇಕು ಅನ್ನುವವರು ಸಣ್ಣ ಬಾಟಲಿ ತಗೊಳ್ಳಿ. ಅವರ ಕಾಫಿಪುಡಿ ಮಾತ್ರ ಒಳ್ಳೆಯದಿದೆ, ಚಿಕೋರಿ ಎಷ್ಟು ಬೇಕು ಅಂತ ಕೇಳಿ ಕಣ್ಣೆದುರೇ ಪುಡಿ ಮಾಡಿಕೊಡುತ್ತಾರೆ.